ಎಷ್ಟು ಸಸಿ ಅಂತ ಎಣಿಸುತ್ತೀರಿ, ಯಾವ ಸಸಿ ಅಂತಲೂ ನೋಡಿ: ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಗೆ,
ಕಲಬುರಗಿ ಮಹಾನಗರ ಪಾಲಿಕೆಯ ಆಯುಕ್ತರಿಗೆ, ಅರಣ್ಯ ಮತ್ತು ತೋಟಗಾರಿಕೆ ಇಲಾಖೆಯ ಅಧಿಕಾರಿಗಳಿಗೆ, ಬಡಾವಣೆ ಸಂಘಗಳ ಹಿರಿಯರಿಗೆ, ಮನೆ ಮುಂದೆ ಒಂದಾದರೂ ಕುಂಡ ಇಟ್ಟಿರುವ ಎಲ್ಲರಿಗೂ.

ಶರಣು ಶರಣಾರ್ಥಿ.

ಇನ್ನೇನು ಮಳೆ ಶುರುವಾಗುತ್ತದೆ. ಮಳೆ ಬಿದ್ದ ಕೂಡಲೇ ವನಮಹೋತ್ಸವ. ಗುಂಡಿ ತೋಡುತ್ತಾರೆ, ಗಾಡಿಯಲ್ಲಿ ಸಸಿ ಬರುತ್ತವೆ, ಫೋಟೋ ತೆಗೆಯುತ್ತಾರೆ. ಮರುದಿನ ಪತ್ರಿಕೆಯಲ್ಲಿ ಎಷ್ಟು ಸಸಿ ನೆಟ್ಟರು ಅನ್ನುವ ಲೆಕ್ಕ ಬರುತ್ತದೆ. ಯಾವ ಸಸಿ ಅನ್ನುವುದು ಮಾತ್ರ ಎಲ್ಲೂ ಬರುವುದಿಲ್ಲ. ಈ ಪತ್ರ ಅದರ ಬಗ್ಗೆ.

ನಾವು ದೊಡ್ಡ ಸಂಸ್ಥೆಯೇನೂ ಅಲ್ಲ. ನಿವೃತ್ತ ಮೇಷ್ಟ್ರುಗಳು, ಕಾಲೇಜಿನ ಹುಡುಗ ಹುಡುಗಿಯರು, ಹಿತ್ತಲಲ್ಲಿ ಹೀರೆಬಳ್ಳಿ ಹಬ್ಬಿಸುವ ಅಕ್ಕಂದಿರು, ಹೊಲ ಮಾರಿ ಊರಿಗೆ ಬಂದು ನೆಲೆಸಿದ ಒಂದಿಬ್ಬರು ಕಾಕಾಗಳು. ಭಾನುವಾರ ಬಿಸಿಲೇರುವ ಮುಂಚೆ ಓಣಿ ಓಣಿ ತಿರುಗಿ ಬೀಜ, ಸಸಿ ಹಂಚುತ್ತೇವೆ. ತುಂಬೆ, ತಂಗಡಿ, ಕಕ್ಕೆ, ಕಾಮಕಸ್ತೂರಿ ಇಂಥವು. ಜೇನು, ದುಂಬಿ, ಚಿಟ್ಟೆಗಳ ಹೊಟ್ಟೆಗೆ ಆಗುವಂಥ ಗಿಡಗಳು. ಗುಲಾಬಿ ಕೇಳಿದವರಿಗೆ ತುಂಬೆ ಕೊಟ್ಟರೆ ಮುಖ ಸಪ್ಪಗಾಗುತ್ತದೆ, ನಿಜ. ಆದರೂ ಮುಂದಿನ ಮಳೆಗಾಲಕ್ಕೆ ಅವರೇ ಬೀಜ ಕೇಳಿಕೊಂಡು ಬರುತ್ತಾರೆ.

ಮೊದಲು ನಮ್ಮ ಸೀಮೆಯ ವರ್ಷ ಹೇಗೆ ಸಾಗುತ್ತದೆ ಅಂತ ನೋಡೋಣ. ಮಳೆಗಾಲದಲ್ಲಿ ಬದುವಿನ ಮೇಲೆ, ರಸ್ತೆ ಪಕ್ಕ ನೂರೆಂಟು ಕಾಡುಹೂ ಇರುತ್ತವೆ. ದೀಪಾವಳಿ ಆಸುಪಾಸಿಗೆ ತೊಗರಿ ಹೂ ಬಿಡುತ್ತದೆ. ಕಲಬುರಗಿ, ಆಳಂದ, ಜೇವರ್ಗಿ, ಸೇಡಂ ಯಾವ ಕಡೆ ಹೋದರೂ ಕಣ್ಣು ಹಾಯಿಸಿದಷ್ಟು ದೂರ ಹಳದಿ. ಆಮೇಲೆ ಹಿಂಗಾರಿನ ಕುಸುಬೆ, ಅಗಸಿ, ಸೂರ್ಯಕಾಂತಿ. ಎಳ್ಳಮಾಸಿಗೆ ಚರಗ ಚೆಲ್ಲಲು ಹೋಗುತ್ತೇವಲ್ಲ, ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು? ಆ ಹೊತ್ತಿಗೆ ಹೊಲದಲ್ಲಿ ಜೇನಿಗೂ ಹಬ್ಬ. ಶಿವರಾತ್ರಿ ಕಳೆದು ರಾಶಿ ಮುಗಿಯಿತು ಅಂದರೆ ಎಲ್ಲ ಖಾಲಿ. ಎರೆ ಹೊಲ ಬಿರುಕು ಬಿಟ್ಟು ಮಲಗುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಹೊಲದಲ್ಲಿ ಹೂವೇ ಇರುವುದಿಲ್ಲ. ಬಿಸಿಲು 40 ಡಿಗ್ರಿ ದಾಟಿರುತ್ತದೆ.

ಆ ನಾಲ್ಕು ತಿಂಗಳು ಈ ಜೀವಗಳು ಏನು ತಿನ್ನಬೇಕು?

ಹಳೆಯ ಕಾಲದಲ್ಲಿ ಉತ್ತರ ಸುಲಭವಿತ್ತು. ಫಾಲ್ಗುಣದಲ್ಲಿ ಮುತ್ತಲ ಗಿಡ ಕೆಂಪಗೆ ಉರಿಯುತ್ತಿತ್ತು. ಯುಗಾದಿಗೆ ಬೇವು ಹೂ ಬಿಡುತ್ತಿತ್ತು. ಅದರ ಹಿಂದೆಯೇ ಹೊಂಗೆ, ಕಕ್ಕೆ. ಮುಂಗಾರಿನ ಹೊಸ್ತಿಲಲ್ಲಿ ಹುಣಸೆ. ಒಂದರ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುತ್ತಿತ್ತು. ಬದುವಿನ ಬೇವು, ಬಾರಿ, ಜಾಲಿ ಟ್ರ್ಯಾಕ್ಟರ್ ತಿರುಗಲು ಅಡ್ಡ ಅಂತ ಹೋದವು. ಹಳ್ಳದ ದಂಡೆಯ ಹೊಂಗೆ ಹೋಯಿತು. ಹೊಲದಲ್ಲಿ ಮರ ವಾಪಸ್ ತರುವುದು ದೊಡ್ಡ ಕೆಲಸ, ಅದು ರೈತರ ಕೈಯಲ್ಲಿದೆ. ಆದರೆ ಊರಲ್ಲಿ ಜಾಗ ಇದೆ, ಅಷ್ಟಿಷ್ಟು ನೀರಿದೆ, ಗಿಡ ನೆಡಲು ಸರ್ಕಾರದ ದುಡ್ಡೂ ಇದೆ. ಅಪ್ಪನ ಕೆರೆಯ ದಂಡೆ, ಪಬ್ಲಿಕ್ ಗಾರ್ಡನ್, ರಿಂಗ್ ರೋಡಿನ ಎರಡೂ ಬದಿ, ಶಾಲಾ ಮೈದಾನ, ಆಸ್ಪತ್ರೆ ಆವರಣ, ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಕ್ಯಾಂಪಸ್, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ವಿಶಾಲ ಬಯಲು. ಬರಗಾಲದಲ್ಲಿ ಗಂಜಿ ಕೇಂದ್ರ ತೆರೆಯುತ್ತಿದ್ದರಲ್ಲ, ಹಾಗೆ ಬೇಸಿಗೆಯ ನಾಲ್ಕು ತಿಂಗಳು ನಮ್ಮ ಊರು ಜೇನಿಗೆ ಗಂಜಿ ಕೇಂದ್ರ ಆಗಬಹುದು. ನಾವು ಹೇಳಬೇಕಾದ ಮುಖ್ಯ ಮಾತೇ ಇದು. ಉಳಿದದ್ದೆಲ್ಲ ಇದರ ವಿವರ.

ಈಗ ನಡೆಯುತ್ತಿರುವುದೇನು? ರಸ್ತೆ ನಡುವಿನ ಡಿವೈಡರ್‌ಗೆ ಡುರಾಂಟಾ ಅನ್ನುವ ಅಲಂಕಾರದ ಗಿಡ. ಅದು ಹೂ ಬಿಡುವ ಮುಂಚೆಯೇ ಕತ್ತರಿಸಿ ಚೌಕ ಮಾಡುತ್ತಾರೆ. ಉದ್ಯಾನದಲ್ಲಿ ಲಾನ್. ಬೇಸಿಗೆಯಲ್ಲಿ ಮನುಷ್ಯರಿಗೇ ಟ್ಯಾಂಕರ್ ಕಾಯಬೇಕು, ಆದರೂ ಹುಲ್ಲಿಗೆ ನೀರು ಬೇಕು. ಆ ಹುಲ್ಲಿನಿಂದ ಒಂದು ಇರುವೆಗೂ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ. ಬೇಗ ಹಸಿರು ಕಾಣಲಿ ಅಂತ ಈಗ ಊರೂರಲ್ಲಿ ಕೊನೊಕಾರ್ಪಸ್ ಅನ್ನುವ ಹೊರದೇಶದ ಗಿಡ ಹಾಕುತ್ತಿದ್ದಾರೆ. ದನ ತಿನ್ನುವುದಿಲ್ಲ, ಬೇಗ ಬೆಳೆಯುತ್ತದೆ, ಗುತ್ತಿಗೆದಾರರಿಗೆ ಆರಾಮ. ಗುಜರಾತ್ ಸರ್ಕಾರ 2023ರಲ್ಲಿ ಈ ಗಿಡ ನೆಡುವುದನ್ನು ನಿಷೇಧಿಸಿತು. ಅದರ ಪರಾಗದಿಂದ ಕೆಮ್ಮು, ನೆಗಡಿ, ಅಸ್ತಮಾದಂಥ ತೊಂದರೆ, ಬೇರಿನಿಂದ ನೆಲದೊಳಗಿನ ಕೇಬಲ್, ನೀರಿನ ಕೊಳವೆಗೆ ಹಾನಿ ಅನ್ನುವುದು ಅಲ್ಲಿ ಕೊಟ್ಟ ಕಾರಣ. ನಮ್ಮ ಮಾತು ಅದಕ್ಕಿಂತ ಸರಳ. ಇಷ್ಟು ನೀರು ಕುಡಿಸಿ ಬೆಳೆಸುವ ಗಿಡ ಇಲ್ಲಿನ ಯಾವ ಜೀವಕ್ಕೂ ಆಗದಿದ್ದರೆ ಯಾಕೆ ಬೇಕು?

ಹೊರಗಿನದೆಲ್ಲ ಕೆಟ್ಟದ್ದು ಅನ್ನುವ ಹಟ ನಮಗಿಲ್ಲ. ಮೆಣಸಿನಕಾಯಿ, ಟೊಮೆಟೊ, ಸೂರ್ಯಕಾಂತಿ, ನಾವು ದೇವರಿಗೆ ಮಾಲೆ ಕಟ್ಟುವ ಚೆಂಡುಹೂ ಎಲ್ಲವೂ ಅಮೆರಿಕ ಖಂಡದಿಂದ ಬಂದವೇ. ಗುಲ್‌ಮೊಹರ್ ಮಡಗಾಸ್ಕರ್‌ನದು, ಮೇ ತಿಂಗಳಲ್ಲಿ ಅದರ ಕೆಳಗೆ ನಿಂತು ಯಾರೂ ಬೈಯುವುದಿಲ್ಲ. ಇದ್ದ ಮರ ಇರಲಿ. ಹೊಸದಾಗಿ ನೆಡುವಾಗ ಇಲ್ಲಿನ ಗಿಡಕ್ಕೆ ಮೊದಲ ಸಾಲು ಕೊಡಿ, ಅಷ್ಟೇ.

ಇಲ್ಲಿನ ಗಿಡವೇ ಯಾಕೆ ಅಂದರೆ, ಚಿಟ್ಟೆಗೆ ಬರೀ ಮಕರಂದ ಸಾಲುವುದಿಲ್ಲ. ಅದರ ಮರಿಗೆ, ಅಂದರೆ ಕಂಬಳಿಹುಳಕ್ಕೆ, ಎಲೆ ಬೇಕು. ಎಲ್ಲ ಎಲೆ ಆಗುವುದಿಲ್ಲ, ತನ್ನ ಗಿಡದ್ದೇ ಬೇಕು. ಕಿತ್ತಳೆ ರೆಕ್ಕೆ, ಕಪ್ಪು ಅಂಚು, ಅಂಚಿನಲ್ಲಿ ಬಿಳಿ ಚುಕ್ಕೆ ಇರುವ ಚಿಟ್ಟೆ ನೋಡಿರುತ್ತೀರಿ. ಅದು ಮೊಟ್ಟೆ ಇಡುವುದು ಎಕ್ಕೆ ಗಿಡದ ಮೇಲೆ. ಎಕ್ಕೆಯ ಹಾಲು ವಿಷ, ಆ ಹುಳ ಅದನ್ನೇ ತಿಂದು ಬೆಳೆಯುತ್ತದೆ. ವಿಷ ಮೈಯಲ್ಲಿ ಉಳಿಯುವುದರಿಂದ ಹಕ್ಕಿಗಳು ಅದರ ಗೊಡವೆಗೆ ಹೋಗುವುದಿಲ್ಲ. ಹನುಮಪ್ಪನಿಗೆ ಎಕ್ಕೆ ಹಾರ ಹಾಕುತ್ತೇವೆ, ಖಾಲಿ ಸೈಟಿನಲ್ಲಿ ಎಕ್ಕೆ ಕಂಡರೆ ಜೆಸಿಬಿ ತರಿಸುತ್ತೇವೆ! ನಿಂಬೆ, ಕರಿಬೇವು ಇದ್ದ ಮನೆಗೆ ಕಪ್ಪು ಹಳದಿ ಚುಕ್ಕೆಯ ಚಿಟ್ಟೆ ಬರುತ್ತದೆ. ಔಡಲ ಗಿಡಕ್ಕೆ ಕಂದು ಬಣ್ಣದ್ದು. ತಂಗಡಿ, ಕಕ್ಕೆಗೆ ತಿಳಿ ಹಳದಿಯದು. ಕರಿಬೇವಿನಲ್ಲಿ ಹುಳ ಕಂಡರೆ ದಯವಿಟ್ಟು ಔಷಧ ಹೊಡೆಯಬೇಡಿ. ನಾಲ್ಕು ಎಸಳು ಹೋದರೆ ಒಗ್ಗರಣೆಗೆ ಏನೂ ಕಡಿಮೆ ಆಗುವುದಿಲ್ಲ. (ಕರ್ನಾಟಕದ ರಾಜ್ಯ ಚಿಟ್ಟೆ ಪಶ್ಚಿಮ ಘಟ್ಟದ ಕಡೆಯದು. ಅದಕ್ಕೆ ನಮ್ಮ ಬಿಸಿಲು ಆಗಿಬರುವುದಿಲ್ಲ. ಇರಲಿ, ನಮ್ಮ ಎಕ್ಕೆ ಚಿಟ್ಟೆ ನಮಗೆ.)

ಜೇನಿನ ವಿಷಯದಲ್ಲೂ ಜನರ ತಲೆಯಲ್ಲಿ ಇರುವುದು ಹೆಜ್ಜೇನು, ಬಿಟ್ಟರೆ ಪೆಟ್ಟಿಗೆ ಜೇನು. ಭಾರತದಲ್ಲಿ 700ಕ್ಕೂ ಹೆಚ್ಚು ಜಾತಿಯ ಜೇನುಗಳಿವೆ. ತುಪ್ಪ ಕೊಡುವವು ಬೆರಳೆಣಿಕೆಯಷ್ಟು. ಉಳಿದವುಗಳಲ್ಲಿ ಬಹುಪಾಲು ಒಂಟಿಯಾಗಿ ಬದುಕುವಂಥವು. ಹೆಜ್ಜೇನಿನಂಥ ತಟ್ಟಿ ಇಲ್ಲ, ರಾಣಿ ಇಲ್ಲ, ಸುಮ್ನೆ ಅಟ್ಟಿಸಿಕೊಂಡು ಬಂದು ಕಚ್ಚುವ ಅಭ್ಯಾಸವೂ ಇಲ್ಲ. ಕರ್ರಗೆ ಮಿಂಚುತ್ತಾ ಗುಂಯ್‌ಗುಡುವ ದೊಡ್ಡ ದುಂಬಿ ಒಣ ಕಟ್ಟಿಗೆ ಕೊರೆದು ಮರಿ ಮಾಡುತ್ತದೆ. ಇನ್ನೊಂದು ಗುಲಾಬಿ ಎಲೆಯನ್ನು ಗುಂಡಗೆ ಕತ್ತರಿಸಿ ಒಯ್ದು ಸಣ್ಣ ತೂತಿನಲ್ಲಿ ತೊಟ್ಟಿಲು ಕಟ್ಟುತ್ತದೆ. ಹೆಚ್ಚಿನವು ಬಿಲ ತೋಡುವುದು ನೆಲದಲ್ಲೇ. ಹಾಗಾಗಿ ಅಂಗಳಕ್ಕೆ ಪೂರ್ತಿ ಶಹಾಬಾದ್ ಪರಸಿ ಹಾಸಿ, ಉಳಿದ ಸಂದಿಗೆ ಸಿಮೆಂಟ್ ತುಂಬಿದರೆ ಅವಕ್ಕೆ ಮನೆಯೇ ಇಲ್ಲ. ಗೋಡೆ ಪಕ್ಕ ಒಂದು ಮೊಳ ಅಗಲದ ಬರೀ ಮಣ್ಣು ಬಿಡಿ. ಅದಕ್ಕೆ ಖರ್ಚೇ ಇಲ್ಲ.

ಇಲ್ಲಿ ತೊಗರಿಯ ಬಗ್ಗೆ ಒಂದು ಮಾತು ನೇರವಾಗಿ ಹೇಳಬೇಕು. ಜೇನು ಹೋದರೆ ತೊಗರಿಯೇ ಹೋಗುತ್ತದೆ ಅಂತ ಕೆಲವರು ಭಾಷಣ ಮಾಡುತ್ತಾರೆ. ಅದು ಜಾಸ್ತಿಯಾಯಿತು. ತೊಗರಿ ಹೂ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದರೆ ಜೇನು, ದುಂಬಿ ಆ ಹೂವಿಗೆ ಮುಗಿಬೀಳುತ್ತವೆ, ಒಂದು ಗಿಡದ ಪರಾಗ ಇನ್ನೊಂದಕ್ಕೆ ಒಯ್ಯುತ್ತವೆ. ಹೈದರಾಬಾದ್ ಹತ್ತಿರದ ಪಟಂಚೇರಿನಲ್ಲಿರುವ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳು ಹೈಬ್ರಿಡ್ ತೊಗರಿ ಬೆಳೆಸಿದ್ದೇ ಇದನ್ನು ನಂಬಿಕೊಂಡು. ಆ ಬೀಜೋತ್ಪಾದನೆಯಲ್ಲಿ ಹೆಣ್ಣು ಸಾಲಿನ ಗಿಡಕ್ಕೆ ಸ್ವಂತ ಪರಾಗ ಇರುವುದಿಲ್ಲ. ಕೀಟ ಬಂದರೆ ಕಾಯಿ, ಬಾರದಿದ್ದರೆ ಇಲ್ಲ. ಗುರೆಳ್ಳಿನ ಕಥೆ ಇನ್ನೂ ಸ್ಪಷ್ಟ. ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು, ತರುವುದು ಜೇನು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು, ಹೆಮ್ಮೆಪಟ್ಟೆವು. ಜೊತೆಗೆ ತಿನ್ನುವ ಗುರೆಳ್ಳು ಚಟ್ನಿ ಯಾರ ದಯೆ ಅಂತಲೂ ಗೊತ್ತಿರಲಿ.

ಹಿತ್ತಲಲ್ಲಿ ಇದನ್ನು ಕಣ್ಣಾರೆ ನೋಡಬಹುದು. "ಕುಂಬಳಬಳ್ಳಿ ತುಂಬ ಹೂ ಬಿಟ್ಟದ, ಒಂದೂ ಕಾಯಿ ನಿಲ್ಲಂಗಿಲ್ರೀ" ಅನ್ನುವ ದೂರು ನಮಗೆ ಎಲ್ಲ ಓಣಿಯಲ್ಲೂ ಸಿಗುತ್ತದೆ. ಕುಂಬಳ, ಹೀರೆ, ಸೋರೆ, ಹಾಗಲ, ಕಲ್ಲಂಗಡಿ ಎಲ್ಲಕ್ಕೂ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಕುಂಬಳಕ್ಕೆ ಬೆಳಗಿನ ಜೇನು ಬೇಕು. ಸೋರೆಯ ಬಿಳಿ ಹೂ ಸಂಜೆ ಅರಳುತ್ತದೆ, ಅದಕ್ಕೆ ಕತ್ತಲಲ್ಲಿ ಹಾರುವ ಪತಂಗ ಬರಬೇಕು. ಕೀಟ ಇಲ್ಲದ ಓಣಿಯಲ್ಲಿ ಮನೆಯವರೇ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ತಾಗಿಸುತ್ತಾ ಕೂರಬೇಕು. ಬದನೆ, ಟೊಮೆಟೊ ಹೂವಿನದು ಇನ್ನೊಂದು ತಮಾಷೆ. ಪರಾಗ ಒಂದು ಸಣ್ಣ ತೂತಿನ ಕೊಳವೆಯೊಳಗೆ ಇರುತ್ತದೆ. ದುಂಬಿ ಹೂವನ್ನು ಹಿಡಿದು ಮೈ ನಡುಗಿಸಿದರೆ ಉಪ್ಪಿನ ಡಬ್ಬಿ ಅಲುಗಿಸಿದ ಹಾಗೆ ಉದುರುತ್ತದೆ. ಪೆಟ್ಟಿಗೆ ಜೇನಿಗೆ ಆ ವಿದ್ಯೆ ಬರುವುದಿಲ್ಲ. ತಂಗಡಿ, ಕಕ್ಕೆ ಹೂವಿಗೂ ಇದೇ ದುಂಬಿ ಬೇಕು. ಅಂದರೆ ತಂಗಡಿ ಇದ್ದ ಓಣಿಗೆ ದುಂಬಿ ಬರುತ್ತದೆ, ಬಂದ ದುಂಬಿ ಪಕ್ಕದ ಬದನೆಗೂ ಹೋಗುತ್ತದೆ. ಎಣಗಾಯಿ ತಿನ್ನುವ ಊರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಾ?

ಅತ್ತಿ ಮರ ಬಿಟ್ಟು ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಗಾಣಗಾಪುರಕ್ಕೆ ಹೋದವರು ಔದುಂಬರಕ್ಕೆ, ಅಂದರೆ ಅತ್ತಿ ಮರಕ್ಕೆ, ಸುತ್ತು ಹಾಕಿಯೇ ಬರುತ್ತಾರೆ. ಅತ್ತಿ ಹಣ್ಣು ಬಿಡಿಸಿದರೆ ಒಳಗೆ ಹುಳ ಅಂತ ಮುಖ ಸಿಂಡರಿಸುತ್ತೇವೆ. ನಾವು ಹಣ್ಣು ಅನ್ನುವುದು ಒಳಮುಖವಾಗಿ ಅರಳಿದ ನೂರಾರು ಹೂಗಳ ಚೀಲ. ಅದರ ತುದಿಯ ಸಣ್ಣ ಬಾಯಿಯಿಂದ ನುಗ್ಗಿ ಪರಾಗ ಮುಟ್ಟಿಸುವುದು ಒಂದು ಪುಟ್ಟ ಕಣಜ. ನುಗ್ಗುವಾಗ ಅದರ ರೆಕ್ಕೆ ಮುರಿಯುತ್ತದೆ, ಒಳಗೇ ಮೊಟ್ಟೆ ಇಟ್ಟು ಸಾಯುತ್ತದೆ. ಅದಕ್ಕೆ ಅತ್ತಿ ಬಿಟ್ಟರೆ ಬೇರೆ ಮನೆಯಿಲ್ಲ, ಅತ್ತಿಗೂ ಆ ಕಣಜ ಬಿಟ್ಟರೆ ಗತಿಯಿಲ್ಲ. ಅತ್ತಿಗೆ ಕಾಲುವೆ, ಕೆರೆ ದಂಡೆ ಸರಿ. ರಸ್ತೆ ಪಕ್ಕ ಬೇಡ, ಹಣ್ಣು ಬಿದ್ದು ಬೈಕ್ ಜಾರುತ್ತವೆ.

ನಮ್ಮ ಕೆಲಸಕ್ಕೆ ಬರುವ ಆಕ್ಷೇಪಣೆಗಳೂ ನಮಗೆ ಬಾಯಿಪಾಠವಾಗಿವೆ. ಒಂದು ಬಡಾವಣೆಯಲ್ಲಿ ಉದ್ಯಾನದ ಮೂಲೆಯಲ್ಲಿ ತುಂಬೆ, ತಂಗಡಿ ಚೆನ್ನಾಗಿ ಎದ್ದಿದ್ದವು. ಏನೋ ಕಾರ್ಯಕ್ರಮ ಅಂತ ಎರಡು ದಿನ ಮುಂಚೆ ಎಲ್ಲ ಕೆರೆದು ಸ್ವಚ್ಛ ಮಾಡಿದರು. ಕಸ, ಹಾವು ಬರುತ್ತದೆ, ಸೊಳ್ಳೆ ಬರುತ್ತದೆ ಅನ್ನುವುದು ಅವರ ವಾದ. ಹಾವಿನ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ಮಕ್ಕಳು ಆಡುವ ಜಾಗ, ಓಡಾಡುವ ದಾರಿಯಿಂದ ದೂರ ನೆಡಬೇಕು, ಬುಡ ಸ್ವಚ್ಛ ಇಡಬೇಕು. ಸೊಳ್ಳೆಗೆ ಮಾತ್ರ ತುಂಬೆಯನ್ನು ದೂರಬೇಡಿ. ಡೆಂಗಿ ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ. ಕಲಬುರಗಿಯಲ್ಲಿ ನಿಂತ ನೀರು ಎಲ್ಲಿದೆ ಅಂದರೆ ನಮ್ಮ ಕೂಲರ್‌ಗಳಲ್ಲಿ, ಮುಚ್ಚಳ ಇಲ್ಲದ ಬ್ಯಾರಲ್‌ಗಳಲ್ಲಿ. ಇನ್ನು ಪಾರ್ಥೇನಿಯಂ, ಅದೇ ಕಾಂಗ್ರೆಸ್ ಕಸ, ಕಿತ್ತರೆ ನಾವೂ ಕೈಜೋಡಿಸುತ್ತೇವೆ. ಅದನ್ನೂ ತುಂಬೆಯನ್ನೂ ಬೇರೆ ಮಾಡಿ ನೋಡುವ ಕಣ್ಣು ಕೆಲಸಗಾರರಿಗೆ ಇರಬೇಕು. ಅರ್ಧ ದಿನದ ತರಬೇತಿ ಸಾಕು, ನಾವೇ ಬಂದು ಹೇಳಿಕೊಡುತ್ತೇವೆ.

ಸೊಳ್ಳೆಗೆ ಫಾಗಿಂಗ್ ಮಾಡುವವರಲ್ಲೂ ಒಂದು ಕೋರಿಕೆ. ಆ ಹೊಗೆಗೆ ಸೊಳ್ಳೆ ಯಾವುದು, ಜೇನು ಯಾವುದು ಗೊತ್ತಾಗುವುದಿಲ್ಲ. ಹೂ ತುಂಬಿದ ಬೇವು, ಹೊಂಗೆ ಕೆಳಗೆ ಹಗಲಲ್ಲಿ ಬೇಡ. ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಕತ್ತಲಾಗುವ ಹೊತ್ತಿಗೆ ಮಾಡಿ. ಹೊಲದಲ್ಲಿ ತೊಗರಿ ಹೂವಿನಲ್ಲಿದ್ದಾಗ ಕಾಯಿಕೊರಕಕ್ಕೆ ಔಷಧ ಹೊಡೆಯುವ ಅಣ್ಣಂದಿರಿಗೂ ಇದೇ ಮಾತು. ನಮ್ಮ ಹಿರಿಯ ರೈತರಿಗೆ ತೊಗರಿ ಗಿಡ ಅಲುಗಾಡಿಸಿ ಹುಳವನ್ನು ಬಟ್ಟೆಗೆ ಬೀಳಿಸಿ ಆರಿಸುವುದು ಗೊತ್ತಿದೆ. ಆಳು ಸಿಗದ ಈ ಕಾಲದಲ್ಲಿ ಅದು ಎಲ್ಲರಿಗೂ ಆಗದು, ಒಪ್ಪುತ್ತೇವೆ. ಹೊಡೆಯುವ ಹೊತ್ತನ್ನಾದರೂ ಬದಲಿಸಬಹುದು ಅಲ್ವಾ?

ಹೆಜ್ಜೇನಿನ ವಿಷಯದಲ್ಲಿ ತಮಾಷೆ ಮಾಡುವ ಹಾಗಿಲ್ಲ. ಕೆರಳಿದರೆ ಜೀವಕ್ಕೇ ಅಪಾಯ. ಆದರೆ ನೀರಿನ ಟ್ಯಾಂಕ್ ಕೆಳಗೆ, ಕಚೇರಿಯ ಕಮಾನಿಗೆ ಅದು ಕಟ್ಟಿದ ತಟ್ಟಿಯನ್ನು ರಾತ್ರಿ ಬೆಂಕಿಯಿಟ್ಟು ಸುಡುವುದು ದಾರಿಯಲ್ಲ. ಹೆಜ್ಜೇನು ವಲಸೆ ಹೋಗುವ ಜೀವಿ. ಕಾಲ ಬದಲಾದಾಗ ತಾನೇ ಎದ್ದು ಹೋಗುತ್ತದೆ. ಜನ ಓಡಾಡದ ಕಡೆ ಇದ್ದರೆ ಒಂದು ಫಲಕ ಹಾಕಿ, ಕಲ್ಲೆಸೆಯದ ಹಾಗೆ ನೋಡಿಕೊಂಡರೆ ಸಾಕು. ಶಾಲೆ, ಆಸ್ಪತ್ರೆ ಹತ್ತಿರ ಇದ್ದರೆ ಬಲ್ಲವರನ್ನು ಕರೆಸಿ ಸರಿಸಬೇಕು.

ಈಗ ನಮ್ಮ ಬೇಡಿಕೆ. ನರ್ಸರಿಯವರು ಕೇಳಿದ್ದನ್ನೇ ಬೆಳೆಸುತ್ತಾರೆ. ರಸ್ತೆ ಬದಿ ನಿಲ್ಲುವಷ್ಟು ಎತ್ತರದ ಸಸಿ ಆಗಲು ಒಂದೆರಡು ವರ್ಷ ಬೇಕು. ಹಾಗಾಗಿ ಈ ವರ್ಷ ನೀವು ಬರೆಯುವ ಬೇಡಿಕೆ ಪಟ್ಟಿ ಮುಂದಿನ ವರ್ಷಗಳ ಊರನ್ನು ತೀರ್ಮಾನಿಸುತ್ತದೆ. ಆ ಪಟ್ಟಿಯಲ್ಲಿ ಬೇವು, ಹೊಂಗೆ, ಕಕ್ಕೆ, ಹುಣಸೆ, ಮುತ್ತಲ, ಅತ್ತಿ, ಬಾರಿ ಸೇರಿಸಿ. ಡಿವೈಡರ್‌ಗೆ ಡುರಾಂಟಾ ಬದಲು ತಂಗಡಿ ಹಾಕಿ. ವರ್ಷದ ಹೆಚ್ಚಿನ ಕಾಲ ಹಳದಿ ಹೂ, ಬಿಸಿಲಿಗೆ ಜಗ್ಗುವುದಿಲ್ಲ, ದನವೂ ಅಷ್ಟಾಗಿ ಮುಟ್ಟುವುದಿಲ್ಲ. ಗಡಿಯಾಚೆ ತೆಲಂಗಾಣದಲ್ಲಿ ಅದು ರಾಜ್ಯಪುಷ್ಪ, ಬತುಕಮ್ಮ ಹಬ್ಬಕ್ಕೆ ಅದಿಲ್ಲದೆ ನಡೆಯುವುದಿಲ್ಲ. ನಮ್ಮಲ್ಲಿ ಅದೇ ಗಿಡ ಕಸ. ಎರೆ ಮಣ್ಣಿನ ಗುಂಡಿಗೆ ಸ್ವಲ್ಪ ಗರಸು, ಗೊಬ್ಬರ ಸೇರಿಸಿದರೆ ಮಳೆಗಾಲದಲ್ಲಿ ಬೇರು ಕೊಳೆಯುವುದು ತಪ್ಪುತ್ತದೆ. ಮೊದಲ ಎರಡು ಬೇಸಿಗೆ ನೀರು ಕೊಡಲೇಬೇಕು. ಇಲ್ಲಿನ ಗಿಡ ಅಂದ ಮಾತ್ರಕ್ಕೆ ಸಸಿ ಏಪ್ರಿಲ್ ಬಿಸಿಲನ್ನು ತಾನೇ ತಡೆಯುವುದಿಲ್ಲ. ಪಟ್ಟಿ ಸರಿಯಿದೆಯೇ ಅಂತ ನೋಡಲು ಗುಲಬರ್ಗಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದವರು, ಕೃಷಿ ವಿಜ್ಞಾನ ಕೇಂದ್ರದವರು ಇಲ್ಲೇ ಇದ್ದಾರೆ. ಹೊರಗಿನ ಸಲಹೆಗಾರರು ಬೇಕಿಲ್ಲ.

ಪ್ರತಿ ವಾರ್ಡಿನಲ್ಲಿ ಒಂದು ಉದ್ಯಾನದ ಒಂದು ಮೂಲೆಯನ್ನು ಕೆರೆಯದೆ ಬಿಡಿ. ಪಾಲಿಕೆಗೆ 55 ವಾರ್ಡ್, ಅಂದರೆ 55 ಮೂಲೆ. ಅಲ್ಲೊಂದು ಬೋರ್ಡ್ ಇರಲಿ, ಇಲ್ಲದಿದ್ದರೆ ಮತ್ತೆ ಯಾರಾದರೂ ಸ್ವಚ್ಛ ಮಾಡಿಬಿಡುತ್ತಾರೆ.

ಮನೆಯವರಿಗೆ ನಾವು ಹೇಳುವುದು ಇನ್ನೂ ಕಡಿಮೆ. ತುಳಸಿಯ ಕದಿರನ್ನು ಎಲ್ಲ ಚಿವುಟಬೇಡಿ, ಒಂದೆರಡು ಹೂವಿಗೆ ಬಿಡಿ. ಎಷ್ಟು ಜೇನು ಬರುತ್ತವೆ ನೋಡಿ. ಜೇನಿಗೆ ಕುಡಿಯಲು ಒಂದು ತಟ್ಟೆಯಲ್ಲಿ ನಾಲ್ಕು ಹರಳು ಇಟ್ಟು, ಹರಳು ಮುಳುಗದಷ್ಟು ನೀರು ಹಾಕಿ. ದಿನಾ ನೀರು ಬದಲಿಸಿ.

ಕೊನೆಗೆ ಅವಸರದ ವಿಷಯ. ಬೇವಿನ ಹಣ್ಣು ಇನ್ನು ಕೆಲವೇ ದಿನಗಳಲ್ಲಿ ಉದುರಲು ಶುರುವಾಗುತ್ತದೆ. ಬೇವಿನ ಬೀಜ ಇಟ್ಟುಕೊಂಡರೆ ಕೆಡುತ್ತದೆ. ಆರಿಸಿ, ತೊಳೆದು, ಕೆಲವು ವಾರಗಳ ಒಳಗೆ ಬಿತ್ತಿದರೆ ಮಾತ್ರ ಚೆನ್ನಾಗಿ ಮೊಳಕೆ ಬರುತ್ತದೆ. ಕಕ್ಕೆ ಬೀಜ ಕಾಯುತ್ತದೆ, ಅದರ ಸಿಪ್ಪೆ ಗಟ್ಟಿ, ಉಜ್ಜಿ ನೆನೆಸಿದರೆ ಆಯಿತು. ಬೇವು ಕಾಯುವುದಿಲ್ಲ. ಬೀಜ ಆರಿಸುವ ಕೆಲಸ ನಮ್ಮದು, ಶಾಲಾ ಮಕ್ಕಳೂ ಬರುತ್ತಾರೆ. ಮಣ್ಣು ತುಂಬಿದ ಚೀಲ, ನರ್ಸರಿಯಲ್ಲಿ ಒಂದಿಷ್ಟು ನೆರಳಿನ ಜಾಗ ನಿಮ್ಮದು. ಈ ತಿಂಗಳೊಳಗೆ ಒಂದು ಸಭೆ ಕರೆಯಿರಿ, ಹಾಜರಾಗುತ್ತೇವೆ.

ಇಂತಿ ನಿಮ್ಮವರು,
ಕಲಬುರಗಿಯ ಸ್ವಯಂಸೇವಕರ ಪರವಾಗಿ